ಬೀಜದೊಳಗಿನ ಲೆಕ್ಕ

ಕರ್ಜಗಿಯ ಎರೆಹೊಲದಲ್ಲಿ ಹತ್ತಿ ಬಿತ್ತುವ ರೈತ ಬೀಜವನ್ನು ಅಂಗೈಯಲ್ಲಿಟ್ಟು ನೋಡಬಲ್ಲ. ಅದರೊಳಗಿನ ವಂಶವಾಹಿಯನ್ನು ನೋಡಲಾರ. ಅಲ್ಲಿ ಅವನು ನಂಬುವುದು ಸಂಶೋಧಕನ ಮಾತನ್ನು. ಆ ಮಾತು ಯಾವ ಪರೀಕ್ಷೆಯಿಂದ ಬಂತೆಂದು ಕೇಳುವ ಹಕ್ಕು ಅವನಿಗಿದೆಯೇ?

ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಬಿಕಾನೇರಿ ನರ್ಮಾ ಬಿಟಿ ಹತ್ತಿ 2009ರಲ್ಲಿ ರೈತರ ಕೈ ಸೇರಿತು. ಅದು ಹೈಬ್ರಿಡ್ ಅಲ್ಲ, ಬೆಳೆದ ಬೀಜವನ್ನೇ ಮರುವರ್ಷ ಬಿತ್ತಬಹುದಿತ್ತು. ಪ್ರತಿವರ್ಷ ಸಾಲ ಮಾಡಿ ಬೀಜ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕೇ? ಆದರೆ ಅದರಲ್ಲಿ ಮೊನ್ಸಾಂಟೊ ಕಂಪೆನಿಯ ವಂಶವಾಹಿ ರಚನೆ ಪತ್ತೆಯಾಗಿ ಮಾರಾಟ ನಿಂತಿತು. ಸುಧೀರ್ ಸೋಪೋರಿ ನೇತೃತ್ವದ ಸಮಿತಿ 2012ರಲ್ಲಿ ಅದನ್ನು ದೃಢಪಡಿಸಿತು.

ಬೆರಕೆ ಹೇಗಾಯಿತೆಂಬ ವಾದ ಹಾಗಿರಲಿ. ಎಷ್ಟು ಗಿಡಗಳನ್ನು ಹೇಗೆ ಪರೀಕ್ಷಿಸಲಾಯಿತು ಎಂಬ ದಾಖಲೆ ಮೊದಲೇ ಎಲ್ಲರ ಮುಂದಿದ್ದರೆ, ಹೊರಗಿನ ಯಾರಾದರೊಬ್ಬರು ಬಿತ್ತನೆಗೆ ಮುನ್ನವೇ ಪ್ರಶ್ನಿಸಬಹುದಿತ್ತು.

ಇಳುವರಿಯ ಸರಾಸರಿಯದ್ದೂ ಇದೇ ಕಥೆ. ಎಷ್ಟು ಹೊಲಗಳ ಸರಾಸರಿ? ಮಳೆಯಾಶ್ರಿತವೋ, ನೀರಾವರಿಯೋ? ಲೆಕ್ಕದಿಂದ ಕೈಬಿಟ್ಟ ಹೊಲಗಳೆಷ್ಟು, ಏಕೆ? ಇವನ್ನು ಹೇಳದ ಅಂಕಿ ಸುಳ್ಳಲ್ಲದಿರಬಹುದು, ಪ್ರಾಮಾಣಿಕವಂತೂ ಅಲ್ಲ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲದ ಬಾಯಲ್ಲಿರುವ ಮೆಣಸಿನಕಾಯಿಯಷ್ಟೇ ನೋಡಿ ಜಾಣ ವ್ಯಾಪಾರಿ ದರ ಕಟ್ಟುವನೇ? ತಳದ್ದನ್ನೂ ತೆಗೆದು ನೋಡುತ್ತಾನೆ. ಅದನ್ನು ಯಾರೂ ಅವಮಾನವೆಂದು ಬಗೆಯುವುದಿಲ್ಲ. ಸಂಶೋಧಕರು ಮಾತ್ರ ಪ್ರಶ್ನೆ ಕೇಳಿದರೆ ಏಕೆ ಮುನಿಯಬೇಕೋ ನಮಗೆ ತಿಳಿಯದು. ಬೀಜದ ಜೊತೆಗೇ ಪ್ರಯೋಗದ ಪೂರ್ಣ ಲೆಕ್ಕ, ಸೋತ ತಾಕುಗಳ ಸಮೇತ, ಕನ್ನಡದಲ್ಲಿ ರೈತರಿಗೆ ಸಿಗಬೇಕೆಂದು ನಾವು ಕೇಳುತ್ತೇವೆ.