ಮಗನ ಪಾಲು



ಇಂಡಿ, ಸಿಂದಗಿ ಸೀಮೆಯಲ್ಲಿ ಮನೆಯ ಹಿರಿಯರು ಲಿಂಗೈಕ್ಯರಾದಾಗ ಅವರು ಎಷ್ಟು ಜನರಿಗೆ ಉಣಬಡಿಸಿದರೆಂದು ನೆನೆಯುವುದು ರೂಢಿ. ತನ್ನದನ್ನು ಕೊಡುವುದು ಔದಾರ್ಯವೇ ಸರಿ. ಮಗನ ಪಾಲನ್ನೂ ಕೊಡಬಹುದೇ?

ಕೊಡಗಿನ ಜನರಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದವರು. 1965ರ ಯುದ್ಧದಲ್ಲಿ ಅವರ ವೈಮಾನಿಕ ಪುತ್ರರು ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು, ಬಿಟ್ಟುಕಳಿಸಲು ಮುಂದಾದರು. ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ ಎಂದು ತಂದೆ ಆ ಉಪಕಾರವನ್ನು ಒಲ್ಲೆನೆಂದರು.

ಇದನ್ನು ಹೊಗಳಿ ಸುಮ್ಮನಾಗುವುದು ಸುಲಭ. ಸೆರೆಯ ದಿನಗಳನ್ನು ಕಳೆಯಬೇಕಾದವರು ಮಗ. ಅವರ ಒಪ್ಪಿಗೆ ಕೇಳುವ ದಾರಿಯೇ ತಂದೆಗಿರಲಿಲ್ಲ. ಆದರೆ ಒಬ್ಬರೇ ಬಿಡುಗಡೆಯಾಗಿ ಬಂದಿದ್ದರೆ, ಉಳಿದ ಬಂದಿಗಳ ತಾಯ್ತಂದೆಯರಿಗೆ ಆ ಮಗ ಹೇಗೆ ಮುಖ ತೋರಿಸಬೇಕಿತ್ತು? ತಂದೆ ಮಾಡಿದ್ದು ಸರಿಯೆಂದೇ, ಕೊಂಚ ಅಳುಕಿನಿಂದ, ಹೇಳುತ್ತೇನೆ.

ಮಗ 1966ರ ಜನವರಿಯಲ್ಲಿ ಮರಳಿದರು. ತಂದೆ 1993ರವರೆಗೆ ಬಾಳಿದರು.