ಕಪಾಟಿನಿಂದ ಇಳಿದು ಬರಲಿ



ಪಿರಿಯಾಪಟ್ಟಣ ಸೀಮೆಯ ಹೊಗೆಸೊಪ್ಪಿನ ರೈತರಿಗೆ ಬ್ಯಾರನ್ ಕಾಯುವುದು ಹೊಸದಲ್ಲ. ಸೊಪ್ಪು ಹದವಾಗಲು ಹಗಲಿರುಳೂ ಸೌದೆ ಹಾಕಬೇಕು, ಕಾವು ನೋಡುತ್ತಿರಬೇಕು. ಒಂದು ರಾತ್ರಿ ಮೈಮರೆತರೆ ಬ್ಯಾರನ್ ತುಂಬ ಸೊಪ್ಪು ಹಾಳು. ಈಮಾನ್ ಕೂಡ ಹಾಗೆಯೇ. ಅದಕ್ಕೂ ನಿತ್ಯದ ಕಾವು ಬೇಕು.

ಆ ಕಾವು ಎಲ್ಲಿಂದ ಬರುತ್ತದೆ? ಅಲ್ಲಾಹನ ವಚನಗಳನ್ನು ಓದಿ ಕೇಳಿಸಿದಾಗ ಸತ್ಯವಿಶ್ವಾಸಿಗಳ ವಿಶ್ವಾಸ ಹೆಚ್ಚುತ್ತದೆಂದು ಅನ್‌ಫಾಲ್ ಅಧ್ಯಾಯದ 2ನೇ ವಚನ ತಿಳಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಕುರ್‌ಆನ್ ಎಲ್ಲಿದೆ? ಜುಜ್ದಾನಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದೇವೆ. ರಮಝಾನಿನಲ್ಲಿ ಇಳಿಸುತ್ತೇವೆ, ಸಾವಾದಾಗ ಇಳಿಸುತ್ತೇವೆ.

ಕೆ.ಆರ್. ನಗರ ತಾಲೂಕಿನ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಚರ್ಚಿದೆ. ನಮ್ಮ ಕ್ರೈಸ್ತ ನೆರೆಹೊರೆಯವರು ತಮ್ಮ ಗ್ರಂಥವನ್ನು ಕನ್ನಡದಲ್ಲೇ ಓದಬಲ್ಲರು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ವರ್ಷಗಟ್ಟಲೆ ದುಡಿದರು. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ಅರಿತು ಓದಿದ್ದೇ ಮನಸ್ಸಿಗಿಳಿಯುತ್ತದೆಂಬ ಮಾತು ಎಲ್ಲರಿಗೂ ಒಂದೇ. ಕುರ್‌ಆನಿನ ಕನ್ನಡ ಅನುವಾದವೂ ಮಂಗಳೂರಿನಿಂದ ಹೊರಬಂದು ದಶಕಗಳು ಕಳೆದಿವೆ. ಇನ್ನು ನಮಗೆ ನೆಪವೇನು?

ಅರಬಿಯಲ್ಲಿ ತಿಲಾವತ್ ಮಾಡೋಣ, ಅದರ ಪುಣ್ಯ ದೊಡ್ಡದು. ಜೊತೆಗೆ ಅರ್ಥವನ್ನೂ ತಿಳಿಯೋಣ. ಸಹಾಬಿಗಳು ಹತ್ತು ವಚನ ಕಲಿತರೆ, ಅದರಂತೆ ನಡೆಯುವುದನ್ನು ಕಲಿಯದೆ ಮುಂದಕ್ಕೆ ಹೋಗುತ್ತಿರಲಿಲ್ಲ. ನಾವು ಇಶಾ ನಮಾಝಿನ ಬಳಿಕ ಮನೆಮಂದಿಯೆಲ್ಲ ಕುಳಿತು ಮೂರು ವಚನಗಳನ್ನಾದರೂ ಓದೋಣ. ಅಳತೆ ತೂಕದ ವಚನ ಓದಿದ ಮರುದಿನ ಅಂಗಡಿಯ ತಕ್ಕಡಿಯನ್ನು ಸರಿಯಾಗಿ ಹಿಡಿಯೋಣ. ತಂದೆತಾಯಿಯರ ವಚನ ಓದಿದ ರಾತ್ರಿ ಅಮ್ಮಿಯ ಬಳಿ ಹೋಗಿ ಕೂರೋಣ.

ಅಲ್ಲಾಹನು ನಮ್ಮ ಮನೆಗಳನ್ನು ತನ್ನ ಗ್ರಂಥದಿಂದ ಬೆಳಗಿಸಲಿ. ಆಮೀನ್.