ಎಣ್ಣೆಯ ಮಿತಿ, ಆಸೆಯ ಮಿತಿ

ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮರಳಿ ಮರಳಿ ಬಳಸುವುದು ಉಪಭೋಗ ಎಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ವಿಂಗಡಿಸಿದ್ದಾರೆ. ಏರ್ ಫ್ರೈಯರ್ ಕೊಳ್ಳಬೇಕೆ ಎಂಬ ಇಂದಿನ ಗೃಹಸ್ಥರ ಪ್ರಶ್ನೆಗೂ ಇದೇ ಅಳತೆಗೋಲು. ಕರಿದ ತಿನಿಸು ಭೋಗ, ಯಂತ್ರವು ಉಪಭೋಗ.

ಈ ಯಂತ್ರವು ಬಿಸಿಗಾಳಿಯನ್ನು ವೇಗವಾಗಿ ಸುತ್ತಿಸಿ ಬೇಯಿಸುತ್ತದೆ. ಬಾಣಲೆ ತುಂಬ ಎಣ್ಣೆಯ ಬದಲು ಒಂದೆರಡು ಚಮಚ ಸಾಕು. ತೆರೆದ ಎಣ್ಣೆಯಲ್ಲಿ ಕೀಟಗಳು ಬಿದ್ದು ಸಾಯುವ ಹಿಂಸೆಯೂ ತಪ್ಪುತ್ತದೆ. ಕಂದಮೂಲ ತ್ಯಜಿಸಿದ ಮನೆಗೆ ಆಲೂಗಡ್ಡೆಯ ಬದಲು ಬಾಳೆಕಾಯಿಯೂ ಆದೀತು. ಆದರೆ ತೆಳುಹಿಟ್ಟಿನ ಬಜ್ಜಿ ಅದರಲ್ಲಿ ಆಗದು. ಬುಟ್ಟಿ ಕಿರಿದಾದುದರಿಂದ ಕೂಡುಕುಟುಂಬಕ್ಕೆ ಹಲವು ಸರದಿ ಬೇಕು.

ವೈದ್ಯರು ಎಣ್ಣೆ ತಗ್ಗಿಸಲು ಹೇಳಿದ ಹಿರಿಯರಿರುವ ಮನೆಯಲ್ಲಿ ಇದು ಶುಶ್ರೂಷೆಯ ಸಾಧನ. ಎಣ್ಣೆ ಕಡಿಮೆಯೆಂಬ ನೆಪದಿಂದ ದಿನವೂ ಗರಿಗರಿ ತಿನಿಸು ಬಯಸುವ ಮನೆಯಲ್ಲಿ ಎಣ್ಣೆ ತಗ್ಗುತ್ತದೆ, ಆಸೆ ಬೆಳೆಯುತ್ತದೆ. ಭೋಗ ಇಳಿಯದೆ ಉಪಭೋಗವೊಂದು ಸೇರುತ್ತದೆ.

ಆದ್ದರಿಂದ ಶ್ರಾವಕನು ಬೆಲೆ ವಿಚಾರಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದರಿಂದ ಯಾವ ಭೋಗ ಕಡಿಮೆಯಾಗುವುದು? ಇದಕ್ಕಾಗಿ ಯಾವ ವಸ್ತುವನ್ನು ಬಿಟ್ಟುಕೊಡುವೆನು? ಉತ್ತರ ದೊರೆತರೆ ಕೊಳ್ಳುವುದು ದೋಷವಲ್ಲ. ದೊರೆಯದಿದ್ದರೆ ಕರಿದುದನ್ನೇ ಮಿತಗೊಳಿಸುವುದು ಲೇಸು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ.